ನೂರಿಪ್ಪತ್ತು ಹೆಜ್ಜೆ

ರಸ್ತೆ ಇಲಾಖೆಯಲ್ಲಿ ಅವಳಿಗೆ ಅಳತೆಯಮ್ಮ ಎಂದೇ ಹೆಸರು. ಕೈಚೀಲದಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಅಳತೆಯ ಟೇಪು ಮಾತ್ರ ತಪ್ಪುತ್ತಿರಲಿಲ್ಲ. ವಯಸ್ಸಾದವರ ಕಾರುಗಳು ತಿರುವುಗಳಲ್ಲಿ ಗುದ್ದಿಕೊಳ್ಳುವುದು ಹೆಚ್ಚಾದಾಗ, ಅವರ ಕಣ್ಣಿಗೆ ಕಾಣುವಂಥ ಬೋರ್ಡು ಮಾಡುವ ಕೆಲಸ ಅವಳ ಮೇಜಿಗೆ ಬಂತು. ಅಕ್ಷರ ಎಷ್ಟು ಎತ್ತರವಿರಬೇಕು? ದಪ್ಪ ದಪ್ಪ ಪುಸ್ತಕಗಳಲ್ಲಿ ಅದಕ್ಕೆ ಲೆಕ್ಕವಿತ್ತು. ಪುಸ್ತಕದ ಮುದುಕರನ್ನು ಅವಳು ನಂಬಲಿಲ್ಲ. ಮನೆಯಲ್ಲೇ ಒಬ್ಬರಿದ್ದರಲ್ಲ, ಎಪ್ಪತ್ಮೂರರ ಅಪ್ಪ, ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು!

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು, ತಾನೇ ಕಾರು ಓಡಿಸುತ್ತಾ ಆಸ್ಪತ್ರೆ ಜಂಕ್ಷನ್ನಿನ ಕಡೆ ಹೊರಟಳು. ದೂರದಲ್ಲಿ ಹಳೆಯ ನೀಲಿ ಬೋರ್ಡು.

"ಅಪ್ಪಾ, ಎಲ್ಲಿಂದ ಕಾಣುತ್ತೋ ಅಲ್ಲಿಂದ್ಲೇ ಓದಿ."

"ಎಡಕ್ಕೆ ಆಸ್ಪತ್ರೆ, ಬಲಕ್ಕೆ ರೈಲ್ವೆ ಸ್ಟೇಷನ್, ನೇರ ಹೋದ್ರೆ ಮಾರ್ಕೆಟ್ಟು!"

ಅವಳು ಅಲ್ಲೇ ಕಾರು ನಿಲ್ಲಿಸಿ, ಇಳಿದು ಬೋರ್ಡಿನವರೆಗೆ ಹೆಜ್ಜೆ ಎಣಿಸಿದಳು. ನೂರಿಪ್ಪತ್ತು. "ಇನ್ನೂ ಹದ್ದಿನ ಕಣ್ಣು ನಂದು" ಎಂದು ಅಪ್ಪ ಮೀಸೆ ತಿರುವಿದರು. ಹಿಂದಿನ ಸೀಟಿನಲ್ಲಿ ಅಮ್ಮ ಮಾತ್ರ ಏನೂ ಅನ್ನದೆ ಕಿಟಕಿಯಾಚೆ ನೋಡುತ್ತಿದ್ದಳು. ಸುಮ್ಮನೆ ಕೂರುವ ಜೀವವೇ ಅಲ್ಲ ಅದು. ದಾರಿಯುದ್ದಕ್ಕೂ ಎದುರಾದ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬರುವವಳು. "ನಿನ್ ಬಾಯಿಗೊಂದು ಬ್ರೇಕ್ ಹಾಕಿಸ್ಬೇಕು ಕಣೇ" ಎಂದು ಅಪ್ಪ ಯಾವಾಗಲೂ ರೇಗಿಸುತ್ತಿದ್ದರು.

ಹಳೆಯ ಅಕ್ಷರದ ಎತ್ತರವೇ ಸಾಕು ಎಂದು ಅಳತೆಯಮ್ಮ ಬರೆದುಕೊಟ್ಟಳು. ಅಳೆಯುವ ಮಂದಿ ಮಾಡುವ ತಪ್ಪೇ ಇದು. ಟೇಪಿನ ಎರಡು ತುದಿಯನ್ನೂ ಬಿಗಿಯಾಗಿ ಹಿಡಿಯುತ್ತಾರೆ, ನಡುವೆ ನಿಂತ ಮನುಷ್ಯನನ್ನು ನೋಡುವುದಿಲ್ಲ.

ಮುಂದಿನ ವರ್ಷ ಆ ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗುವುದನ್ನು ನಿಲ್ಲಿಸಿ, ಅವಳು ಹೇಳಿದ ಅಳತೆಯಲ್ಲೇ ಹೊಸ ಬೋರ್ಡು ನೆಟ್ಟರು. ಅದಾಗಿ ನಾಲ್ಕನೇ ದಿನ ಅಪ್ಪ ಅಮ್ಮ ಚಿಕ್ಕಮ್ಮನನ್ನು ಕರೆತರಲು ಸ್ಟೇಷನ್ನಿಗೆ ಹೊರಟಿದ್ದರು. ಮೂವತ್ತೊಂದು ವರ್ಷ ಬಸ್ಸು ತಿರುಗಿಸಿದ ಕಡೆಗೇ ಅಪ್ಪ ತಿರುಗಿದರು. ಎದುರಿನ ಲಾರಿ ಬಂದು ಗುದ್ದಿದ್ದು ಎಡಗಡೆಗೆ, ಅಮ್ಮ ಕೂತಿದ್ದ ಬಾಗಿಲಿಗೆ. ಅಮ್ಮ ಅಲ್ಲೇ ಹೋದಳು. ಅಪ್ಪನ ಮೈಮೇಲೆ ಒಂದು ಗೀರೂ ಆಗಲಿಲ್ಲ.

ಮೂರು ವಾರ ಕಳೆಯಿತು. ಆಮೇಲೊಂದು ಸಂಜೆ ಅಡುಗೆಮನೆಯಲ್ಲಿ, ಮರೆತು ತೆಗೆದ ಎರಡನೇ ಲೋಟವನ್ನು ವಾಪಸ್ ಒಳಗಿಡುತ್ತಾ ಅಪ್ಪ ಹೇಳಿದರು:

"ಆ ಭಾನುವಾರ ನಾನು ಓದ್ಲಿಲ್ಲಮ್ಮ. ಆ ಬೋರ್ಡು ನಂಗೆ ಬಾಯಿಪಾಠ. ಕಂಡಿದ್ದು ಬರೀ ನೀಲಿ ಬಣ್ಣ. ನಿನ್ನೆದುರು ಕಾಣಲ್ಲ ಅನ್ನೋಕೆ ನಾಚಿಕೆ ಆಯ್ತು."

"ಮತ್ತೆ ಇಷ್ಟು ದಿನ ಹೇಗೆ ಓಡಿಸಿದ್ರಿ?"

"ನಿಮ್ಮಮ್ಮ ಓದ್ತಿದ್ಲಲ್ಲ. ಸ್ಟೇಷನ್ನಿಗೆ ಹೊರಟ ದಿನ ಅವಳಿಗೆ ನಿದ್ದೆ ಹತ್ತಿತ್ತು."

ಅವಳಿಗೆ ಅಪ್ಪನ ಮೇಲೆ ಕೆಂಡದಂಥ ಕೋಪ ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಬಾಯಿಪಾಠ ಇದ್ದವರಿಗೇ ಓದಲು ಕೊಟ್ಟವಳು ತಾನಲ್ಲವೇ?

ಮಾರನೆಯ ವಾರ, ಯಾರೂ ನೋಡಿರದ ಹೊಸ ಬೋರ್ಡೊಂದನ್ನು ಅದೇ ಎತ್ತರದ ಅಕ್ಷರದಲ್ಲಿ ಬರೆಸಿ ಇಲಾಖೆಯ ಅಂಗಳದಲ್ಲಿ ನಿಲ್ಲಿಸಿದಳು. ಅಪ್ಪನನ್ನು ನೂರಿಪ್ಪತ್ತು ಹೆಜ್ಜೆ ದೂರ ಕರೆದೊಯ್ದಳು.

"ಕಾಣಲ್ಲ" ಎಂದರು ಅಪ್ಪ.

ನೂರು ಹೆಜ್ಜೆ. "ಕಾಣಲ್ಲ." ಎಂಬತ್ತು. ಅರವತ್ತು. ಪ್ರತಿ ಸಲವೂ ದನಿ ಇನ್ನಷ್ಟು ಸಣ್ಣದಾಯಿತು. ನಲವತ್ತರಲ್ಲಿ ಒಂದೊಂದೇ ಅಕ್ಷರ ಹಿಡಿದು ಓದಿದರು: "ಮುಂದೆ... ತಿರುವಿದೆ... ನಿಧಾನ." ಓದಿ ಮುಗಿಸಿ, ಮಗಳೆದುರೇ ಬಿಕ್ಕಿ ಬಿಕ್ಕಿ ಅತ್ತರು.

ಅಕ್ಷರ ಮೂರು ಪಟ್ಟು ಎತ್ತರವಾಗಬೇಕು ಎಂದು ಅವಳು ಬರೆದುಕೊಂಡಳು. ಕಾಣಲ್ಲ ಎಂಬ ಮಾತನ್ನು ಅಪ್ಪ ಆ ಭಾನುವಾರವೇ ಅಂದಿದ್ದರೆ ಎಂಬುದು ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು.

ಮನೆಗೆ ಹೋಗುವಾಗ ಅವಳೇ ಕಾರು ಓಡಿಸಿದಳು. ಅಪ್ಪ ಎಡಗಡೆಯ ಸೀಟಿನಲ್ಲಿ ಕೂತಿದ್ದರು. ಮೊದಲ ಬೋರ್ಡು ಎದುರಾದಾಗ ಅವರು ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದರು. ಅವಳು ಅದನ್ನು ಅಮ್ಮನ ಹಾಗೆಯೇ ಗಟ್ಟಿಯಾಗಿ ಓದಿದಳು, ಅದರ ಮುಂದಿನದನ್ನೂ ಓದಿದಳು. ಅಪ್ಪ ರೇಗಿಸಲಿಲ್ಲ.