ಆಯುಧಪೂಜೆಗೆ ಬಂದ ಗಿಟಾರ್

ನಾವಿರುವ ಪರದೇಶದ ರುಂಡಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಗೆ ವಯಸ್ಸಾದ ಇಂಗ್ಲಿಷ್ ರಾಕ್ ಗಿಟಾರ್ ವಾದಕರೊಬ್ಬರು ಬಾಡಿಗೆಗೆ ಬಂದರು. ಅವರೇ ಕಟ್ಟಿದ ಹಾಡುಗಳ ಕ್ಯಾಸೆಟ್ಟನ್ನು ನಮ್ಮ ಯಜಮಾನರು ಕಾಲೇಜಿನಲ್ಲಿ ಸವೆಯುವಷ್ಟು ಕೇಳಿದ್ದರು. ಎದುರಿಗೆ ಕೂತು ಒಂದಾದರೂ ಕೇಳಬೇಕೆಂದು, ಆಯುಧಪೂಜೆಯ ದಿನ ಗಿಟಾರ್ ಸಮೇತ ಊಟಕ್ಕೆ ಕರೆದರು. ಬಾಗಿಲಲ್ಲೇ ಗಿಟಾರ್ ಇಸಿದುಕೊಂಡ ನಮ್ಮತ್ತೆ ಅದಕ್ಕೆ ಕುಂಕುಮವಿಟ್ಟು, ಹೂ ಮುಡಿಸಿ, ಲ್ಯಾಪ್‌ಟಾಪಿನ ಪಕ್ಕ ದೇವರ ಮುಂದಿಟ್ಟು ಮಂಗಳಾರತಿ ಮಾಡಿಬಿಟ್ಟರು.

ಊಟವಾದ ಮೇಲೆ ಯಜಮಾನರು ಗಿಟಾರಿಗೆ ಕೈಚಾಚಿದರು.

“ಪೂಜೆಗಿಟ್ಟಿದ್ದು ಕಣೋ, ನಾಳೆವರೆಗೂ ಮುಟ್ಟೋ ಹಾಗಿಲ್ಲ,” ಎಂದರು ಅತ್ತೆ.

“ಅಮ್ಮ, ಮೂವತ್ತು ವರ್ಷದಿಂದ ಕಾದಿದೀನಿ.”

“ಹಾಗಾದ್ರೆ ಇನ್ನೊಂದಿನ ಏನು ಮಹಾ?”

ಮರುದಿನ ಯಜಮಾನರು ಗಿಗಿರಿಯ ಆಫೀಸಿಗೆ ಹೋದ ಮೇಲೆ ಪಕ್ಕದ ಮನೆಯ ವಾದಕರು ಗಿಟಾರ್ ಒಯ್ಯಲು ಬಂದರು. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆಯ ಮತ್ತು ನನ್ನ ಮುಂದೆ ಕೂತು ಹಾಡಿಯೇ ಹೋದರು.

ಸಂಜೆ ಅತ್ತೆ ಮಗನಿಗೆ ಹೇಳಿದರು: “ಪಾಪ, ಒಳ್ಳೆಯೋರು ಕಣೋ. ಇನ್ನೊಂದ್ಸಲ ಅಂದಿದ್ದಕ್ಕೆ ಮತ್ತೆ ಹಾಡಿದ್ರು.”