ಅವ್ವನಿಗೆ ಓದಿ ಹೇಳಿದ ಪುಸ್ತಕ

ಅಣ್ಣ ತಾನಾಗಿಯೇ ಜೀವ ಕಳೆದುಕೊಂಡಾಗ ನಾವು ಗೋವೆಯ ಸಡಾ ಗುಡ್ಡದ ಮೇಲಿದ್ದೆವು. ಎಂಬತ್ತರ ದಶಕದ ಕೊನೆಯ ವರ್ಷಗಳು. ಅವನು ಬಂದರಿನಲ್ಲಿ ಕೆಲಸಕ್ಕಿದ್ದ, ನಾನು ವಾಸ್ಕೊದ ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪ ಮೊದಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಉಳಿದವರು ಅವ್ವ, ಅಣ್ಣನ ಹೆಂಡತಿ ವೈನಿ, ನಾನು. ಯಾರು ಕೇಳಿದರೂ ಎದೆನೋವು ಬಂದು ಹೋದ ಎನ್ನಬೇಕೆಂದು ಹಿರಿಯರು ಹೇಳಿಕೊಟ್ಟರು. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಖರೇ ಸಂಗತಿ ಎಲ್ಲರಿಗೂ ಗೊತ್ತಿತ್ತು. ಆದರೂ ಅವರು ಕೇಳುತ್ತಿದ್ದರು, ನಾವು ಹೇಳುತ್ತಿದ್ದೆವು.

ದಿನಕರ್ಮ ಮುಗಿದ ಮೇಲೆ, ವಿಜಾಪುರದ ಕಡೆಯಿಂದ ಬಂದಿದ್ದ ಸೋದರಮಾವ ಒಂದು ಪುಸ್ತಕ ಬಿಚ್ಚಿ ಓದತೊಡಗಿದ. ಸತ್ತವರ ಗತಿ ಹೇಳುವ ಪುಸ್ತಕ. ಹೀಗೆ ಹೋದವರಿಗೆ ಮುಂದೆ ದಾರಿಯಿಲ್ಲ, ನೀರಡಿಸಿ ಅಲೆಯುತ್ತಾರೆ ಎಂದಿತ್ತು. ಮಾವನ ಮನಸ್ಸು ಕೆಟ್ಟದ್ದಲ್ಲ. ದುಃಖದ ಮನೆಯಲ್ಲಿ ಏನಾದರೂ ಓದಬೇಕು ಎಂದಷ್ಟೇ ಅವನಿಗೆ ಗೊತ್ತಿದ್ದದ್ದು. ವೈನಿ ಎದ್ದು ಒಳಗೆ ಹೋದಳು.

ಅವ್ವ ಅಂದಳು, "ಸಾಕು ಮುಚ್ಚೋ ತಮ್ಮಾ. ಇದನ್ನ ಬರದಾಂವಗ ನನ್ನ ಮಗನ ಗುರ್ತು ಇದ್ದಿಲ್ಲ."

ಕೆಲವು ತಿಂಗಳ ಮೇಲೆ, ಕನ್ನಡ ಶಾಲೆಯಲ್ಲಿ ನನಗೆ ಕಲಿಸಿದ್ದ ಅಕ್ಕೋರು ಬಂದರು. ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು ಕಿಟಕಿಯಲ್ಲಿಟ್ಟರು. ಮಗನನ್ನು ಇದೇ ರೀತಿ ಕಳೆದುಕೊಂಡ ತಾಯಿಯೊಬ್ಬಳು ಬರೆದದ್ದು, ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದದ್ದು.

"ಓದ್ರಿ ಅಂತ ನಾ ಹೇಳಾಂಗಿಲ್ರಿ," ಎಂದು ಅವ್ವನಿಗೆ ಹೇಳಿದರು. "ಬ್ಯಾಡ ಅನ್ನಿಸಿದ್ರ ಮಗಳ ಕೈಯಾಗ ಕೊಟ್ಟು ಕಳಸ್ರಿ."

ಅವ್ವನಿಗೆ ಓದಲು ಬರುತ್ತಿರಲಿಲ್ಲ. ವೈನಿ ಒಂದು ಪುಟ ನೋಡಿ ಕೆಳಗಿಟ್ಟಳು, ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ ಎಂದಳು. ಹೀಗಾಗಿ ಮಧ್ಯಾಹ್ನ ಊಟವಾದ ಮೇಲೆ ನಾನೇ ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಮೊದಮೊದಲು ಅವ್ವ ಹಿಂದಿನ ಬಾಗಿಲಲ್ಲಿ ಭಾಂಡೆ ತಿಕ್ಕುತ್ತಲೇ ಇದ್ದಳು. ಆಮೇಲೆ ತಿಕ್ಕುವ ಸಪ್ಪಳ ನಿಂತಿತು. ಪಕ್ಕದ ಮನೆಯ ಖಾಲಾ ಅಕ್ಕಿಯ ಮೊರ ಹಿಡಿದು ನಮ್ಮ ಹೊಸ್ತಿಲಲ್ಲಿ ಬಂದು ಕೂರತೊಡಗಿದಳು.

ಎಲ್ಲವೂ ಅವ್ವನಿಗೆ ಒಪ್ಪಿಗೆಯಾಗಲಿಲ್ಲ. ಕಾಲ ಕಳೆದ ಹಾಗೆ ನೋವು ಕಡಿಮೆಯಾಗುತ್ತದೆ ಎಂಬ ಮಾತು ಬಂದಾಗ, "ಇದು ಸುಳ್ಳು, ಮುಂದ ಓದು," ಎಂದಳು. ಆ ತಾಯಿ ಸತ್ತ ಮಗನ ಮೇಲೆ ಸಿಟ್ಟಾಗುವ ಭಾಗವನ್ನು ವೈನಿ ಎರಡು ಸಲ ಓದಿಸಿದಳು. ಸಿಟ್ಟು ಬರುವುದು ತನಗೊಬ್ಬಳಿಗೇ ಎಂದು ಅವಳು ತಿಳಿದಿದ್ದಳು.

ಮಗನ ಕೊನೆಯ ದಿನವನ್ನು ಆ ತಾಯಿ ಮತ್ತೆ ಮತ್ತೆ ನೆನೆಯುವ ಪುಟ ಬಂತು. ಇವತ್ತು ತಿಳಿದದ್ದು ಅವತ್ತು ತನಗೆ ತಿಳಿದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ವರ್ಷಗಳು ಹಿಡಿದವು ಎಂಬರ್ಥದ ಮಾತು ಅದರಲ್ಲಿತ್ತು.

"ತಡಿ," ಎಂದಳು ಅವ್ವ. "ಇಷ್ಟು ಬರದಾಕಿ ಅಂದ್ರ ಕಲತಾಕಿ ಇರಬೇಕು. ಕಲತಾಕಿಗೂ ತಿಳಿಲಿಲ್ಲಲ್ಲ." ಅವಳೇ ಮುಂದುವರಿಸಿದಳು. "ಅವತ್ತ ರೊಟ್ಟಿ ಅರ್ಧಾಕ್ಕ ಬಿಟ್ಟು ಎದ್ದ. ಬಿಸಲಿಗೆ ಹಸಿವಿ ಸತ್ತೈತಿ ಅಂತ ನಾ ಸುಮ್ನಾದೆ."

"ನಾನೂ ಹಂಗ ತಿಳಕೊಂಡ್ನಿರಿ ಅತ್ತಿ," ಎಂದಳು ವೈನಿ. "ನೀವು ನನ್ನ ಮ್ಯಾಲೆ ತಪ್ಪು ಹೊರಸೀರಿ ಅಂತ ಇಷ್ಟು ದಿನ ಹೆದರಿದ್ನಿ."

"ನಿನ್ನ ಮ್ಯಾಲೆ ಯಾಕ ಹೊರಸಲಿ? ಎಲ್ಲಾ ನನ್ನ ಮ್ಯಾಲೇ ಹೊತಗೊಂಡು ಕುಂತೇನಿ."

ಒಂದೇ ಒಲೆಯಲ್ಲಿ ಅಡಿಗೆ ಮಾಡುತ್ತಿದ್ದ ಇಬ್ಬರೂ ಅಷ್ಟು ತಿಂಗಳು ಈ ಮಾತು ಆಡಿರಲಿಲ್ಲ. ನಾನು ಪುಸ್ತಕ ಮುಚ್ಚಿದೆ. ಆಗ ಹೊಸ್ತಿಲಿನಿಂದ ಖಾಲಾ, ಅಕ್ಕಿಯಿಂದ ಕಣ್ಣೆತ್ತದೆ ಹೇಳಿದಳು, "ನನ್ನ ತಮ್ಮನೂ ಹಿಂಗ ಹೋದ, ಬೇಟಿ. ನಾವು ಕಾಲರಾ ಅಂತ ಹೇಳಿದ್ವಿ." ಅವ್ವ ಹೋಗಿ ಅವಳ ಪಕ್ಕದಲ್ಲಿ ಕುಳಿತು, ತಾನೂ ಮೊರಕ್ಕೆ ಕೈ ಹಾಕಿದಳು.

ಆಮೇಲೆ ಯಾರಾದರೂ ಕೇಳಿದರೆ ಅವ್ವ ಎದೆನೋವಿನ ಮಾತು ಎತ್ತಲಿಲ್ಲ. "ಅಂವಗ ಒಳಗ ಭಾಳ ತ್ರಾಸಿತ್ತು, ನಮಗ ತಿಳಿಲಿಲ್ಲ," ಎನ್ನುತ್ತಿದ್ದಳು. ಕೇಳಿದವರು ಹೆಚ್ಚಾಗಿ ಮಾತು ಬದಲಿಸುತ್ತಿದ್ದರು. ಒಬ್ಬಿಬ್ಬರು ಕೂತು ತಮ್ಮ ಮನೆಯ ಸಂಗತಿಯನ್ನೂ ಹೇಳಿದರು. ಕೆಲವು ವರ್ಷಗಳ ಮೇಲೆ ವೈನಿಗೆ ವೆರ್ಣಾದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಕಂಪನಿ ಬಸ್ಸಿನಲ್ಲಿ ಗೆಳತಿಯರಾದರು, ಅವಳ ನಗು ಮತ್ತೆ ಕೇಳಿಸತೊಡಗಿತು.

ತೊಂಬತ್ತರ ದಶಕದ ನಡುವೆ, ಕೊರ್ಲಿಮಿನಲ್ಲಿದ್ದ ನಮ್ಮೂರ ಕಡೆಯ ಕುಟುಂಬವೊಂದರಲ್ಲಿ ಹರೆಯದ ಮಗಳು ಹೀಗೇ ಹೋದಳೆಂದು ತಿಳಿಯಿತು. ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಅವ್ವನೊಂದಿಗೆ ಹೋದೆ. ಅದನ್ನು ಹೊರಗೆ ತೆಗೆಯಲು ನೋಡಿದಾಗ ಅವ್ವ ನನ್ನ ಕೈ ಹಿಡಿದಳು.

"ಈಗ ಬ್ಯಾಡ."

ಹುಡುಗಿಯ ತಾಯಿ ಮೂಲೆಯಲ್ಲಿದ್ದಳು; ಅವ್ವ ಅವಳ ಹತ್ತಿರ ನೆಲದ ಮೇಲೆ ಕುಳಿತಳು. ಯಾಕೆ, ಹೇಗೆ ಎಂದು ಕೇಳಲಿಲ್ಲ. "ಸಣ್ಣಾಕಿ ಇದ್ದಾಗ ಹೆಂಗಿದ್ಲವ್ವ ನಿನ್ನ ಮಗಳು? ಹೇಳು," ಎಂದಳು.

ಆ ಹೆಂಗಸು ಅವ್ವನ ಕಡೆ ತಿರುಗಿ ಕುಳಿತಳು. ಆಮೇಲೆ, ಮಗಳು ಬೆಕ್ಕಿನ ಮರಿಯನ್ನು ಶಾಲೆಗೆ ಒಯ್ದ ಕತೆ ಶುರುಮಾಡಿದಳು.