ಸಿಮೆಂಟ್ ಬಳಿದ ಗೋಡೆ

ಅಮ್ಮಿನಬಾವಿಯಲ್ಲಿ ನಮ್ಮ ಮನೆಯದೂ ಪಕ್ಕದ ಮೆಕ್ಯಾನಿಕ್‌ನ ಮನೆಯದೂ ಮಣ್ಣಿನ ಗೋಡೆಗಳೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವನ ಹೆಂಡತಿ ಮಣ್ಣು, ಸಗಣಿ ಕಲಸಿ ಗೋಡೆಗೆ ಬಳಿಯುತ್ತಾಳೆ. ನನಗೆ ಆ ಕೆಲಸ ಸಾಕಾಗಿತ್ತು. ಹೋದ ವರ್ಷ ಅಡುಗೆಮನೆಯ ಗೋಡೆಗಳಿಗೆ ಒಳಗೂ ಹೊರಗೂ ಸಿಮೆಂಟ್ ಬಳಿಸಿದೆ.

"ನೀ ಇನ್ನೂ ಎಷ್ಟ ವರ್ಷ ಶಗಣ್ಯಾಗ ಕೈ ಇಡ್ತೀಬೇ?" ಎಂದು ಅವಳನ್ನು ಕೆಣಕಿದ್ದೆ.

"ಗ್ವಾಡಿ ಮುಟ್ಟಿದ್ರನ ಎಲ್ಲಿ ಬಿರುಕೈತಿ ಅಂತ ಗೊತ್ತಾಗೂದು, ಅವ್ವಾ," ಎಂದಿದ್ದಳು. ನಾನು ನಕ್ಕಿದ್ದೆ.

ಈ ಸಲ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಐದನೆಯ ದಿನ ಬಿಸಿಲು ಬಿದ್ದಿತ್ತು. ರೊಟ್ಟಿ ಬಡಿಯುತ್ತಿದ್ದ ಸೊಸೆ ಹಿಟ್ಟು ತರಲು ಎದ್ದು ನಾಲ್ಕು ಹೆಜ್ಜೆ ಹೋಗಿದ್ದಳು. ಅವಳು ಕೂತಿದ್ದ ಜಾಗದ ಮೇಲೆಯೇ ಗೋಡೆ ಕುಸಿಯಿತು. ಒಲೆ ಕಾಣಲಿಲ್ಲ. ಸೊಸೆ ಹಿಟ್ಟಿನ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಸಿಮೆಂಟ್ ಹಪ್ಪಳದಂತೆ ಬಿದ್ದಿತ್ತು. ಮೇಲಿಂದ ಇಳಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಒಳಗಿನ ಮಣ್ಣು ಅಂಬಲಿಯಾಗಿತ್ತು.

ಮಧ್ಯಾಹ್ನ ಪಂಚಾಯಿತಿಯಿಂದ ಹಾನಿ ಬರೆದುಕೊಳ್ಳುವವನು ಬಂದ. "ಮಳಿಯಿಂದ ಗ್ವಾಡಿ ಬಿತ್ತು ಅಂತ ಬರೀತೇನ್ರಿ ಅಜ್ಜಿ."

ಪಕ್ಕದ ಮನೆಯ ಗೋಡೆ ತೋರಿಸಿದೆ. ಅದು ಒದ್ದೆಯಾಗಿತ್ತು, ನೆಟ್ಟಗೆ ನಿಂತಿತ್ತು. "ಮಳಿ ಅದರ ಮ್ಯಾಲೂ ಬಿದ್ದೈತಲ್ಲಪಾ. ಇದನ್ನ ಕೆಡವಿದಾಕಿ ನಾನು."

"ಹಂಗ ಬರ್ಯಾಕ ಇದರಾಗ ಜಾಗಾ ಇಲ್ರಿ," ಎಂದು ಕಾಗದ ತೋರಿಸಿದ. ಮಳೆ ಎಂದೇ ಬರೆದುಕೊಂಡು ಹೋದ.

ಸೊಸೆ ಅಡುಗೆಮನೆಯೊಳಗೆ ಕಾಲಿಡಲೊಲ್ಲಳು. ನಾನು ಸುತ್ತಿಗೆ ತಂದು ಉಳಿದ ಮೂರು ಗೋಡೆಗಳ ಸಿಮೆಂಟ್ ಕೀಳತೊಡಗಿದೆ.